ಈರಣ್ಣನ ಮಂಕರಿ

"ಮಾವ, ತೂಕ ಆಗಿರೋ ರಾಶಿಯಿಂದ ಯಾರಾರ ಇದ್ದಿಲು ತಗಂಡ್ರಾ?"

ಸೊಸೆ ಪವಿತ್ರಾ ಕೇಳಿದಾಗಲೇ ಹನುಮಂತರಾಜುವಿಗೆ ತನ್ನ ತಪ್ಪು ಗೊತ್ತಾಗಿದ್ದು. ತೆಗೆದವನು ಅವನೇ. ಹಿಂದಿನ ದಿನ ಒಂದು ಮಂಕರಿ ತುಂಬಿ ಕಮ್ಮಾರ ಈರಣ್ಣನ ಕುಲುಮೆಗೆ ಸುರಿದು ಬಂದಿದ್ದ. ತಮ್ಮಪ್ಪನ ಕಾಲದಿಂದಲೂ ಹಾಗೆಯೇ. ಗುಂಡಿಯಲ್ಲಿ ತೆಂಗಿನ ಚಿಪ್ಪು ಸುಟ್ಟಾಗ ಮೊದಲ ಮಂಕರಿ ಕುಲುಮೆಗೆ. ಅದಕ್ಕೆ ಪ್ರತಿಯಾಗಿ ಮನೆಯ ಮಚ್ಚು, ಕುಡುಗೋಲನ್ನೆಲ್ಲ ಈರಣ್ಣನೇ ತಟ್ಟಿ ಹದ ಮಾಡಿಕೊಡುತ್ತಾನೆ. ಕೈ ತಾನಾಗಿ ಮಾಡಿದ ಕೆಲಸ, ತಲೆಗೆ ಹೊಳೆಯಲೇ ಇಲ್ಲ.

ಆದರೆ ಇದು ಹಳೆಯ ಗುಂಡಿಯ ಇದ್ದಿಲಲ್ಲವಲ್ಲ! ಪವಿತ್ರಾಳ ಮಹಿಳಾ ಸಂಘಕ್ಕೆ ಒಂದು ಕಂಪನಿ ಇದ್ದಿಲು ಸುಡುವ ಕಬ್ಬಿಣದ ಗೂಡು ಕೊಟ್ಟಿತ್ತು, ಹೊಗೆಯನ್ನೂ ಒಳಗೇ ಉರಿಸಿಬಿಡುವಂಥದ್ದು. ಕರಾರು ಒಂದೇ: ತೂಕ ಮಾಡಿದ ಇದ್ದಿಲೆಲ್ಲ ಗೊಬ್ಬರದ ಜೊತೆ ತೆಂಗಿನ ಬುಡದ ಮಣ್ಣು ಸೇರಬೇಕು, ಒಂದು ಚೂರೂ ಕೆಂಡವಾಗಬಾರದು. ಉರಿದರೆ ಆಕಾಶಕ್ಕೇರಿ ಭೂಮಿಯನ್ನು ಕಾಯಿಸುವ ಇಂಗಾಲ, ಮಣ್ಣೊಳಗೆ ಕೂತರೆ ನೂರಾರು ವರ್ಷ ಆ ಕಡೆ ತಲೆ ಹಾಕುವುದಿಲ್ಲವಂತೆ. ಅದಕ್ಕೆ ದೂರದೇಶದವರು ಸಂಘಕ್ಕೆ ದುಡ್ಡು ಕೊಡುತ್ತಾರಂತೆ. ಮಾರುವ ಮಾಲನ್ನು ಹೂಳುವ ಹುಚ್ಚು ಎಲ್ಲಾದರೂ ಇದೆಯಾ ಎಂದು ಹನುಮಂತರಾಜು ಮೊದಮೊದಲು ನಕ್ಕಿದ್ದ. ಆಮೇಲೆ ಹೆಂಡತಿ ಮಂಜಮ್ಮನ ಕೆಮ್ಮು ನಿಂತಿತು. ಗುಂಡಿಯ ಹೊಗೆ ಕುಡಿದು ಕುಡಿದು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ ಹೆಂಗಸು ಈಗ ಮಲಗಿದರೆ ಬೆಳಗಾಗುತ್ತಿತ್ತು. ಅವನ ನಗೆಯೂ ನಿಂತಿತು.

ಕರಾರು ಮುರಿದರೆ ಗೂಡು ವಾಪಸ್. ಮತ್ತೆ ಗುಂಡಿ, ಮತ್ತೆ ಆ ಕೆಮ್ಮು. ತಪಾಸಣೆಗೆ ಬಂದ ಕಂಪನಿಯ ಸೂರ್ಯಪ್ರಕಾಶ್ ಆಗಲೇ ತೋಟದ ಬಾಗಿಲಲ್ಲಿ ಬೈಕು ನಿಲ್ಲಿಸುತ್ತಿದ್ದ.

ಹನುಮಂತರಾಜು ಸೊಸೆಗೆ ನಡೆದದ್ದನ್ನು ಹೇಳಿ, ದನಿ ತಗ್ಗಿಸಿದ. "ಸುಮ್ಕಿದ್ಬುಡವ್ವ. ಮಣ್ಣಿಗೆ ಹಾಕಿದ್ವಿ ಅಂದ್ರಾಯ್ತು. ಅಗೆದು ನೋಡ್ತಾನಾ ಅವ್ನು?"

ಪವಿತ್ರಾ ಮಾವನ ಮುಖವನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು, ನೆಟ್ಟಗೆ ಹೋಗಿ ಹೇಳಿಯೇಬಿಟ್ಟಳು.

"ಒಂದು ಮಂಕರಿ ಕುಲುಮೇಲಿ ಉರ್ದೋಗೈತೆ ಸಾರ್. ಹೂತಿದ್ವಿ ಅಂತ ನಾವು ಎಷ್ಟೇ ಹೇಳಿದ್ರೂ, ಅದು ಮ್ಯಾಲೆ ಹೋಗಿರೋದೇ ನಿಜ."

ಎಂಥ ಎದೆಗಾರಿಕೆ! ಹನುಮಂತರಾಜುವಿಗೆ ಸಿಟ್ಟು ಬಂತು. ಇವಳು ನಮ್ಮನೆ ಸೊಸೆ ಎನ್ನುವ ಹೆಮ್ಮೆಯೂ ಜೊತೆಗೇ ಉಕ್ಕಿತು. ಅವನೂ ಮುಂದೆ ಬಂದು ತಪ್ಪು ತನ್ನದೆಂದ.

ಸೂರ್ಯಪ್ರಕಾಶ್ ಲೆಕ್ಕದ ಪುಸ್ತಕ ತೆರೆದು ಆ ರಾಶಿಯ ತೂಕದ ಮೇಲೆ ಗೀಟು ಎಳೆದ. ಈ ಸಲದ ರಾಶಿ ಪೂರ್ತಿ ಲೆಕ್ಕದಿಂದ ಹೊರಗೆ, ಬಿಡಿಗಾಸೂ ಬರುವುದಿಲ್ಲ, ನೀವಾಗೇ ಹೇಳಿದ್ದಕ್ಕೆ ಗೂಡು ಇಲ್ಲೇ ಇರಲಿ ಎಂದ. ಸಂಘದ ಹೆಂಗಸರು ಗೊಣಗಿದರು. ಪವಿತ್ರಾ ತಾನೇ ಗುದ್ದಲಿ ಹಿಡಿದು, ಕಾಸು ಹುಟ್ಟದ ಆ ಇದ್ದಿಲನ್ನೂ ಬಿಡದೆ ಮಣ್ಣಿಗೆ ಸೇರಿಸಿದಳು. ಗೊಣಗಿದವರೂ ಒಬ್ಬೊಬ್ಬರಾಗಿ ಬಂದು ಕೈ ಹಾಕಿದರು.

ಮುಂದಿನ ಸಲ ಗೂಡು ತೆರೆದಾಗ ಹನುಮಂತರಾಜು ದೂರವೇ ನಿಂತಿದ್ದ. ಪವಿತ್ರಾ ತಕ್ಕಡಿಯನ್ನು ಇನ್ನೂ ಮುಟ್ಟಿರಲಿಲ್ಲ. ಮೊದಲು ಒಂದು ಮಂಕರಿ ತುಂಬಿದಳು.

"ಇದು ಈರಣ್ಣಂದು, ತೂಕಕ್ಕೆ ಸೇರಲ್ಲ. ಸಾರ್‌ಗೂ ಹೇಳಿದೀನಿ. ಹೊರ್ತೀರಾ ಮಾವ?"

ಅವನು ಬಟ್ಟೆಯ ಸಿಂಬಿ ಇಟ್ಟುಕೊಂಡು ಮಂಕರಿಗೆ ತಲೆ ಕೊಟ್ಟ. ಜಗಲಿಯ ಮೇಲೆ ಮಂಜಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವಳ ಉಸಿರಿಗೆ ಒಂದು ಗಳಿಗೆ ಕಿವಿಗೊಟ್ಟು, ಸದ್ದಾಗದಂತೆ ಹೆಜ್ಜೆ ಇಡುತ್ತ ಅವನು ಕುಲುಮೆಯ ಕಡೆ ನಡೆದ.