ಹಲಗೆ ತಿರುಗಿಸುವ ಕೆಲಸ

ಬಡ್ತಿ ಸಿಕ್ಕ ದಿನ ನನ್ನ ಮಗಳು ಇರ್ಯಾ ಸರಿಯಾಗಿ ಊಟ ಮಾಡಲಿಲ್ಲ. ಮೀನಿನ ಸಾರು ತಣ್ಣಗಾಗುವವರೆಗೂ ಚಮಚ ಆಡಿಸುತ್ತ ಕೂತಿದ್ದಳು.

ನಮ್ಮದು ದ್ವೀಪ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ರಸ್ತೆ. ಎಳೆಯ ಸ್ಪ್ರೂಸ್ ಗಿಡಗಳನ್ನು ಕಡಿದು ತಂದು ಮಂಜುಗಡ್ಡೆಯಲ್ಲಿ ಸಾಲಾಗಿ ನೆಡುತ್ತಾರೆ; ಆ ಸಾಲು ಹಿಡಿದು ಆಚೆ ದಡಕ್ಕೆ ಹೋಗಬೇಕು. ಇರ್ಯಾ ಅಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದಳು. ಮಂಜುಗಡ್ಡೆ ಕುಸಿದರೆ ಹಾರಿಕೊಳ್ಳಲೆಂದು ಎಲ್ಲರ ಹಾಗೆ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ರೇಡಿಯೊ ಜೊತೆ ಹಾಡಿಕೊಂಡು ಹೋಗುವಳು. ರಸ್ತೆಯ ಉಸ್ತುವಾರಿ ಕೌಕೊ ನಿವೃತ್ತನಾದಾಗ ಅವನ ಕೆಲಸ ಇವಳ ಪಾಲಿಗೆ ಬಂತು. ಗಿಡ ನೆಡಿಸಬೇಕು, ಬೈರಿಗೆಯಿಂದ ಕೊರೆದು ಮಂಜುಗಡ್ಡೆಯ ದಪ್ಪ ಅಳೆಯಬೇಕು. ಆಮೇಲೆ ದಡದ ಹಲಗೆಯನ್ನು ‘ತೆರೆದಿದೆ’ ಎಂದೋ ‘ಮುಚ್ಚಿದೆ’ ಎಂದೋ ತಿರುಗಿಸಬೇಕು.

"ಲಾರಿಲಿದ್ದಾಗ ಮುಳುಗಿದ್ರೆ ನಾನೊಬ್ಳೇ ಮುಳುಗ್ತಿದ್ದೆ, ಅಮ್ಮ," ಅಂದಳು.

ಆ ಚಳಿಗಾಲವಿಡೀ ಅವಳು ಹಾಡಿದ್ದು ಕೇಳಲಿಲ್ಲ. ಊಟದ ನಡುವೆ ಚಮಚ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಗಟ್ಟಿ ಮಂಜುಗಡ್ಡೆ ಗುಡುಗುತ್ತದೆ, ಸಿಡಿಯುತ್ತದೆ. ಆ ಸದ್ದು ಕೇಳಿದರೆ ನಮಗೆ ಧೈರ್ಯ. ಮಾರ್ಚ್ ಮುಗಿಯುವಾಗ ಸದ್ದು ನಿಂತಿತು.

ಆಗಲೇ ಕೌಕೊನ ಹೆಂಡತಿ ಸಿಲ್ವಿ ಆಚೆ ದಡದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಶನಿವಾರ ನಮ್ಮ ಚರ್ಚಿನ ಪಕ್ಕ ಮಣ್ಣು. ರಸ್ತೆ ಮುಚ್ಚಿದರೆ, ಮಂಜುಗಡ್ಡೆ ಕರಗಿ ಹಡಗು ಬರುವವರೆಗೆ ಅವಳು ಅಲ್ಲೇ ಕಾಯಬೇಕು. ಗುರುವಾರ ಕೌಕೊ ಮನೆಗೆ ಬಂದು ಕಾಫಿ ಲೋಟ ಹಿಡಿದು ಕೂತ. ಕುಡಿಯಲಿಲ್ಲ.

"ಶನಿವಾರದ ತನಕ ಹಲಗೆ ಹಾಗೇ ಇರ್ಲಿ, ಮಗು," ಅಂದ. "ನಿಮ್ಮಪ್ಪನ್ನ ತರೋವಾಗ ಗಾಲಿ ಅರ್ಧ ನೀರಲ್ಲಿತ್ತು. ನಾನು ಮುಚ್ಚಲಿಲ್ಲ."

ಅದು ನಿಜ. ಆ ಶವದ ಗಾಡಿಯ ಹಿಂದಿನ ಕಾರಿನಲ್ಲಿ ನಾನೂ ಇದ್ದೆ. ಇರ್ಯಾ ನನ್ನ ಮುಖ ನೋಡಿದಳು. ನಾನು ಒಲೆಯ ಕಡೆ ತಿರುಗಿದೆ.

ಶುಕ್ರವಾರ ಬೆಳಿಗ್ಗೆ ಕೌಕೊ ಸಿಲ್ವಿಯನ್ನು ತರಲು ಆಚೆಗೆ ಹೋದ. ಅವನು ಹೋದ ಬೆನ್ನಿಗೇ ಇರ್ಯಾ ಕೊರೆದು ನೋಡಿದಳು. ದಪ್ಪ ನಿಯಮಕ್ಕೆ ಸಾಕಾಗುವಷ್ಟೇ ಇತ್ತು. ಆದರೆ ನೆನೆದ ಬ್ರೆಡ್ಡಿನೊಳಗೆ ಇಳಿದ ಹಾಗೆ ಬೈರಿಗೆ ಇಳಿಯಿತಂತೆ, ಮೇಲೆ ಬಂದದ್ದು ಸೂಜಿ ಸೂಜಿ ಚೂರು. ಮಧ್ಯಾಹ್ನ ಹಲಗೆಯನ್ನು ‘ಮುಚ್ಚಿದೆ’ ಎಂದು ತಿರುಗಿಸಿ, ಹಾಲು ತರಲು ಅಂಗಡಿಗೆ ಹೋದಳು.

"ಅಳತೆ ಸಾಕಷ್ಟಿದೆಯಂತಲ್ಲ, ಮೇಡಂ?" ಅಂದಳಂತೆ ಅಂಗಡಿಯ ರೈಲಿ. "ಪಾಪ, ಸಿಲ್ವಿ ಇನ್ನು ಈಜ್ಕೊಂಡು ಬರ್ಬೇಕೇನೋ."

ಶನಿವಾರ ಬೆಳಿಗ್ಗೆ ನಾನು ಮಣ್ಣಿಗೆ ಬರುವವರಿಗೆಂದು ಏಲಕ್ಕಿ ಬನ್ನಿನ ಹಿಟ್ಟು ನಾದುತ್ತಿದ್ದೆ. ಮಣ್ಣಾಗುತ್ತದೋ ಇಲ್ಲವೋ, ಕೈಗೆ ಕೆಲಸ ಬೇಕಿತ್ತು. ಇರ್ಯಾ ಕಿಟಕಿಯ ಬಳಿ ನಿಂತು ಕೌಕೊಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

"ಹಲಗೆ ಯಾರು ನೋಡ್ತಾರೆ, ಅಮ್ಮ? ಗಿಡ ನಿಂತಿದ್ರೆ ದಾರಿ ಇದೆ ಅಂತ್ಲೇ ಎಲ್ರೂ."

ಅವಳು ಹೇಳಿದ್ದು ಸರಿ. ಪ್ರತಿ ವಸಂತದಲ್ಲೂ ಹಲಗೆ ಮುಚ್ಚಿದ ಮೇಲೂ ನಾವೆಲ್ಲ ಆ ಸಾಲನ್ನೇ ನಂಬಿ ಹೋದವರು. ರಸ್ತೆ ಮುಚ್ಚಿದಾಗ ಇಳಿಸುವ ಆಚೆ ದಡದ ಅಡ್ಡಗಂಬ ಹಾಕಿಸಿದವನೇ ಕೌಕೊ. ಎತ್ತುವುದು ಅವನಿಗೆ ಕಷ್ಟವಲ್ಲ.

ಅವಳು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಜಾರುಬಂಡಿ ತೆಗೆದಳು.

"ಬೇರೆಯವ್ರಿಗೆ ಬೇಡ ಅಂದು ನೀನು ಹೋಗ್ತೀಯಾ?"

"ನೆಡಿಸ್ದೋಳು ನಾನೇ ಅಲ್ವಾ. ಕೀಳೋದೂ ನಾನೇ."

ಹಿಟ್ಟಿನ ಕೈಯಲ್ಲೇ ಅವಳಪ್ಪನ ದುರ್ಬೀನು ಹಿಡಿದು ಕಿಟಕಿಯಲ್ಲಿ ನಿಂತೆ. ಈಚೆ ದಡದಿಂದ ಗಿಡಗಳು ಒಂದೊಂದೇ ಇಲ್ಲವಾದವು. ಅವಳು ಹೆಜ್ಜೆ ಇಟ್ಟಲ್ಲೆಲ್ಲ ಬೂದುಬಣ್ಣದ ನೀರು ಮೇಲೆ ಬರುತ್ತಿತ್ತು. ಯಾವ ಸದ್ದೂ ಇರಲಿಲ್ಲ.

ಆಚೆ ದಡದಲ್ಲಿ ಕಪ್ಪು ಗಾಡಿ ಬಂತು. ಅಡ್ಡಗಂಬ ಮೇಲೆದ್ದಿತು. ಗಾಡಿಯ ಮುಂದಿನ ಗಾಲಿಗಳು ಮಂಜುಗಡ್ಡೆಗೆ ಇಳಿದವು.

ಅಲ್ಲೇ ನಿಂತವು. ಕೌಕೊ ಇಳಿದ. ಎದುರಿಗೆ ಅರ್ಧಕ್ಕೇ ಮುಗಿದ ಸಾಲನ್ನೂ ಅದರ ತುದಿಯಲ್ಲಿ ಬಗ್ಗಿ ಗಿಡ ಕೀಳುತ್ತಿದ್ದವಳನ್ನೂ ನೋಡುತ್ತ ಬಹಳ ಹೊತ್ತು ನಿಂತ. ಆಮೇಲೆ ಕೈಬೀಸಿ ಗಾಡಿಯನ್ನು ಹಿಂದಕ್ಕೆ ಕಳಿಸಿ, ತನ್ನ ಬದಿಯ ಮೊದಲ ಗಿಡ ಕಿತ್ತ.

ಇಬ್ಬರೂ ಕೀಳುತ್ತ ಕೀಳುತ್ತ ನಡುವಿನ ಕಡೆಗೆ ಬರತೊಡಗಿದರು. ನಿಲ್ಲಿ, ನಿಲ್ಲಿ ಎಂದು ಅಡಿಗೆಮನೆಯಲ್ಲಿ ಗೊಣಗುತ್ತಿದ್ದವಳು ನಾನು. ಕೊನೆಗೆ ಕೌಕೊ ನಿಂತು ಎರಡೂ ಕೈ ಮೇಲೆತ್ತಿದ. ಕೆಲಸದಲ್ಲಿದ್ದಾಗ ಲಾರಿಗಳನ್ನು ಹಿಂದಕ್ಕೆ ಕಳಿಸುತ್ತಿದ್ದದ್ದು ಹಾಗೆಯೇ. ಇವಳು ತಿರುಗುವವರೆಗೆ ಅವನು ಕೈ ಇಳಿಸಲಿಲ್ಲ.

ಇರ್ಯಾ ಮೊಣಕಾಲವರೆಗೆ ನೆನೆದು ಬಂದಳು. ಅಷ್ಟರಲ್ಲಿ ಹಿಟ್ಟು ಉಬ್ಬಿ ಪಾತ್ರೆಯಿಂದ ಮೇಜಿಗೆ ಇಳಿದಿತ್ತು.

ನಡುವಿನ ಕೆಲವು ಗಿಡಗಳು ಹಾಗೆಯೇ ಉಳಿದವು. ಮರುದಿನ ಬೆಳಿಗ್ಗೆ ನೋಡಿದರೆ ಅವು ಇರಲಿಲ್ಲ. ಅವು ನಿಂತಿದ್ದ ಕಡೆ ನೀರು ಕಪ್ಪಗೆ ಕಾಣುತ್ತಿತ್ತು.

ಇರ್ಯಾ ಕಾಫಿ ಹಿಡಿದು ಅದನ್ನೇ ನೋಡುತ್ತಿದ್ದಳು. ಸಿಲ್ವಿ ಇನ್ನೂ ಆಚೆಗೇ ಇದ್ದಳು.

"ಬರೋ ಚಳಿಗಾಲಕ್ಕೂ ದಾರಿ ಇದ್ಯೋ ಇಲ್ವೋ ಅಂತ ನಾನೇ ಹೇಳ್ಬೇಕಲ್ಲ, ಅಮ್ಮ," ಅಂದಳು.