ಸೋಮವಾರದ ದದ್ದು

ಹೊಸ ಸೊಸೆ ಮನೆಗೆ ಕಾಲಿಟ್ಟ ಮೂರನೆಯ ವಾರ ಮೊಮ್ಮಗಳ ತುಟಿ ಊದಿಕೊಂಡಿತು. ಏನೋ ಹುಳ ಕಚ್ಚಿರಬೇಕು ಎಂದುಕೊಂಡ ಅವಳ ಅಜ್ಜ, ಮುದುಕ ಬಡಗಿ. ಮರುವಾರ ಮತ್ತೆ ತುಟಿ ಊದಿ, ಕತ್ತಿನ ತುಂಬ ಕೆಂಪು ದದ್ದೆದ್ದು, ಮಗು ತಿಂದದ್ದನ್ನೆಲ್ಲ ಕಾರಿಕೊಂಡಿತು. ಎರಡು ಸಲವೂ ಸೋಮವಾರ. ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋಗುವುದೂ ಸೋಮವಾರವೇ.

ಮಗುವಿನ ಹೆತ್ತ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಬಂದವಳು ಮಲತಾಯಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡ ಮುದುಕ. ಬೆಳಗಿನ ಪ್ರಾರ್ಥನೆಗೆ ಕೂತರೂ ಅವನ ಒಂದು ಕಿವಿ ಅಡುಗೆಮನೆಯಲ್ಲೇ ಇರುತ್ತಿತ್ತು. ಅದು ಪಾಪವೆಂದು ಗೊತ್ತಿತ್ತು. ಕಿವಿ ಮಾತ್ರ ಮರಳಿ ಬರಲೊಲ್ಲದು.

ಸೊಸೆ ಆಚೆ ಹೋದಾಗ ಡಬ್ಬಿಗಳನ್ನು ತೆರೆದು ಮೂಸಿದ. ಅಕ್ಕಿ ಅಕ್ಕಿಯಾಗಿತ್ತು, ಉಪ್ಪು ಉಪ್ಪಾಗಿತ್ತು. ಆದರೆ ಡಬ್ಬಿಗಳ ಹಿಂದೆ ಒಂದು ಸಣ್ಣ ಪುಸ್ತಕ ಸಿಕ್ಕಿತು. ಒಳಗೆ ತಾರೀಖು, ಗಂಟೆ, ಮಗು ತಿಂದದ್ದು. "ಅನ್ನ, ಹಾಲು. ಇಪ್ಪತ್ತು ನಿಮಿಷಕ್ಕೆ ತುರಿಕೆ." ಇಷ್ಟು ಕೊಟ್ಟರೆ ಇಷ್ಟಾಗುತ್ತದೆ ಎಂದು ಬರೆದಿಡುವವಳು ಎಂಥವಳು? ಪುಸ್ತಕವನ್ನು ಇದ್ದಲ್ಲೇ ಇಟ್ಟ.

ಮುಂದಿನ ಸೋಮವಾರ ತಾನೇ ಒಲೆಯ ಮುಂದೆ ನಿಂತ.

"ನಾನು ಮಾಡ್ತೀನಿ. ನೀನು ಕೂತ್ಕೋ."

"ನಿಮಗೆ ಸೌಟು ಮಾಡೋಕೆ ಬರುತ್ತೆ ಮಾವ. ಗಂಜಿ ಮಾಡೋಕೂ ಬರುತ್ತಾ?"

"ಸೌಟು ಮಾಡೋನಿಗೆ ಅದನ್ನ ತಿರುಗಿಸೋಕೆ ಬರಲ್ವಾ?"

ಗಂಜಿ ಕಾಯಿಸಿ, ಮೊಮ್ಮಗಳಿಗೆಂದೇ ತಾನು ಕಡೆದಿದ್ದ ಮರದ ಬಟ್ಟಲಿಗೆ ಸುರಿದು, ತಾನೇ ಕುಡಿಸಿದ. ನಾಲ್ಕು ಗುಟುಕು ಇಳಿದಿರಬೇಕು.

"ಅಜ್ಜ, ಗಂಟಲಲ್ಲಿ ಏನೋ ಕೂತಿದೆ," ಎಂದಳು ಮೊಮ್ಮಗಳು.

ಕೆಮ್ಮು ಹತ್ತಿತು. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು. ಮುದುಕ ದಿಕ್ಕು ತೋಚದೆ ನಿಂತಿರುವಾಗಲೇ ಸೊಸೆ ಮಗುವನ್ನೂ ಪುಸ್ತಕವನ್ನೂ ಎತ್ತಿಕೊಂಡು ಬೀದಿಗೆ ಓಡಿದ್ದಳು.

ಆಸ್ಪತ್ರೆಯಲ್ಲಿ ತೊಡೆಗೆ ಸೂಜಿ ಚುಚ್ಚಿದ ಮೇಲೆ ಉಸಿರು ಹಗುರಾಯಿತು. ಅಲ್ಲಿ ಕೊಂಡ ಸ್ಟೀಲು ಲೋಟದಲ್ಲೇ ಸೊಸೆ ಮಗುವಿಗೆ ಕುಡಿಸತೊಡಗಿದಳು. ತಿಂಗಳು ಕಳೆದು ಅಲರ್ಜಿ ನೋಡುವ ವೈದ್ಯೆ ಮಗುವಿನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಮೆಲ್ಲಗೆ ಚುಚ್ಚಿದಳು. ಕಾಲು ಗಂಟೆಯಲ್ಲಿ ಒಂದೇ ಒಂದು ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬಿತು.

"ಅಕ್ರೋಟು. ಮನೇಲಿ ತಿಂತೀರಾ?"

"ತರೋದೇ ಇಲ್ಲ," ಎಂದಳು ಸೊಸೆ.

ವೈದ್ಯೆ ಪುಸ್ತಕ ತಿರುವಿದಳು. "ಇದನ್ನ ಬರೆದಿದ್ದು ಒಳ್ಳೇದಾಯ್ತು. ಬರೀ ಚರ್ಮ ನೋಡಿ ಹೇಳೋಕಾಗಲ್ಲ. ನೋಡಿ, ಜೋರಾಗಿ ಬಂದಿದ್ದೆಲ್ಲ ಸೋಮವಾರ. ಭಾನುವಾರ ಏನು ಮಾಡ್ತೀರಿ?"

ಸೊಸೆ ಮಾವನ ಕಡೆ ತಿರುಗಿದಳು. ಭಾನುವಾರ ಪ್ರಾರ್ಥನೆ ಮುಗಿಸಿ ಮನೆಯ ಮರದ ಬಟ್ಟಲುಗಳಿಗೆಲ್ಲ ಎಣ್ಣೆ ಉಜ್ಜುವುದು ಅವನ ವಾಡಿಕೆ. ಇಲ್ಲದಿದ್ದರೆ ಮರ ಬಿರಿಯುತ್ತದೆ. ಮೊದಲೆಲ್ಲ ಅಗಸೆ ಎಣ್ಣೆ ಹಚ್ಚುತ್ತಿದ್ದ. ಮಗನ ಮದುವೆಯಾಗಿ ಎರಡು ವಾರಕ್ಕೆ, ಹೊಸಬಳ ಕಣ್ಣಿಗೆ ಮನೆ ಹೊಳೆಯಲೆಂದು, ಬೇರೆ ಎಣ್ಣೆ ತಂದಿದ್ದ.

"ಅಕ್ರೋಟಿನ ಎಣ್ಣೆ," ಎಂದ ಮುದುಕ. "ಗಾಣದ್ದು. ನಾನೇ ಹಚ್ಚಿದ್ದು."

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು.

"ಆ ಪುಸ್ತಕ ನೋಡಿದ್ದೆ," ಎಂದ ಅವನು.

"ಗೊತ್ತು. ನೀವು ತೆಗೆದ ಡಬ್ಬಿಗೆ ಮುಚ್ಚಳ ನೆಟ್ಟಗೆ ಕೂತಿರಲ್ಲ."

"ನೀನೇ ಮಗೂಗೆ ಏನೋ ಹಾಕ್ತಿದೀಯ ಅಂದ್ಕೊಂಡೆ."

"ಅದೂ ಗೊತ್ತು." ಅವಳು ಸೆರಗಿನ ತುದಿ ಸುತ್ತಿದಳು. "ನಾನೂ ಅಂದ್ಕೊಂಡಿದ್ದೆ ಮಾವ. ನನ್ನನ್ನ ಓಡಿಸೋಕೆ ನೀವೇ ಏನೋ ಮಾಡ್ತಿದೀರಿ ಅಂತ."

ಮುದುಕನಿಗೆ ಕೋಪ ಬರಲಿಲ್ಲ. ಹೊರೆಯ ಒಂದು ತುದಿಯನ್ನು ಯಾರೋ ಹಿಡಿದಂತಾಯಿತು.

ನರ್ಸ್ ತುರ್ತಿಗೆ ತೊಡೆಗೆ ಚುಚ್ಚುವ ಔಷಧಿಯ ಪೆನ್ನು ಹಿಡಿದು ಬಂದಳು. "ಇದು ಸದಾ ಮಗುವಿನ ಹತ್ತಿರಾನೇ ಇರಬೇಕು. ಯಾರಿಗೆ ಹೇಳಿಕೊಡಲಿ?"

"ಅವರಮ್ಮನಿಗೆ," ಎಂದು ಮುದುಕ ಸೊಸೆಯನ್ನು ತೋರಿಸಿದ.

"ಮಾವನಿಗೂ ಹೇಳಿಕೊಡಿ," ಎಂದಳು ಅವಳು.

ಸೂಜಿಯಿಲ್ಲದ ಕಲಿಕೆಯ ಪೆನ್ನನ್ನು ಮುದುಕ ತನ್ನ ತೊಡೆಗೆ ಅಂಜಂಜುತ್ತಲೇ ಒತ್ತಿದ.

"ಇನ್ನೂ ಗಟ್ಟಿಯಾಗಿ, ಮಾವ," ಎಂದು ಸೊಸೆ ಅವನ ಕೈಮೇಲೆ ತನ್ನ ಕೈಯಿಟ್ಟು ಅದುಮಿದಳು.