ಸಾಬಮ್ಮ ಮುಚ್ಚಿಟ್ಟ ಹಲ್ಲು

ಮಳಖೇಡದ ಸಾಬಮ್ಮ ಗಂಡನ ಜೊತೆ ಕೂತು ಉಂಡು ಮೂರು ವರ್ಷವಾಗಿತ್ತು. ಅವನ ಮುಂದೆ ತಾಟು ಇಟ್ಟವಳೇ ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿ ಗೋಡೆಗೆ ಮುಖ ಮಾಡಿ, ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಒಂದೇ ದವಡೆಯಲ್ಲಿ ಅಗಿದು ನುಂಗುತ್ತಿದ್ದಳು. ಮಾತಾಡಿದರೆ ಬಾಯಿಗೆ ಸೆರಗು ಅಡ್ಡ. ನಗು ಅನ್ನುವುದಂತೂ ಆ ಮನೆಯ ದಾರಿಯನ್ನೇ ಮರೆತಿತ್ತು.

ಜಗಳವೇನೂ ಆಗಿರಲಿಲ್ಲ. ಎಲ್ಲಾ ಒಂದು ಹಲ್ಲಿನ ಕತೆ. ಕೆಳಗಿನ ದವಡೆ ಹಲ್ಲು ಹುಳುಕಾಗಿ ನೋಯುತ್ತಿತ್ತು. ಸೇಡಂ ಸಂತೆಯಲ್ಲಿ ಒಬ್ಬನಿಂದ ಕೀಳಿಸಿಕೊಂಡು, ಪೀಡೆ ಹೋಯಿತೆಂದು ನಿರಾಳವಾಗಿದ್ದಳು. ವರ್ಷ ಕಳೆಯುವಷ್ಟರಲ್ಲಿ ಅದರ ಎದುರಿಗಿದ್ದ ಮೇಲಿನ ಹಲ್ಲು ಉದ್ದವಾದಂತೆ ನಾಲಗೆಗೆ ತಾಗತೊಡಗಿತು. ಕನ್ನಡಿ ಹಿಡಿದು ನೋಡಿದಳು. ಹೌದು, ಬೆಳೆದಿತ್ತು! ಕನ್ನಡಿಯನ್ನು ಮಗುಚಿಟ್ಟಳು.

ಕೂಸಿಗೆ ಮೊದಲು ಮೇಲಿನ ಹಲ್ಲು ಬಂದರೆ ಸೋದರಮಾವನಿಗೆ ಕೇಡು ಎನ್ನುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅವಳ ಸೋದರಮಾವ ಅಂಬರಾಯನೇ ಅವಳ ಗಂಡ. ಕೂಸಿನ ಹಲ್ಲಿಗೇ ಹಾಗಾದರೆ, ನಲವತ್ತರ ಹೆಂಗಸಿಗೆ ಬೆಳೆಯುವ ಹಲ್ಲು ಇನ್ನೇನು ಮಾಡೀತು? ಆ ವರ್ಷ ಅವನು ಬಾವಿಯ ಮೆಟ್ಟಿಲು ಜಾರಿ ಕೈ ಮುರಿದುಕೊಂಡ. ಮರುವರ್ಷ ಜ್ವರ ಬಂದು ತಿಂಗಳು ಮಲಗಿದ. ಪಾಪ, ಸಾಬಮ್ಮ ಎರಡನ್ನೂ ತನ್ನ ಹಲ್ಲಿನ ತಲೆಗೆ ಕಟ್ಟಿದಳು. ಯಾರ ಮುಂದೆ ಹೇಳಿಕೊಳ್ಳುವುದು? ಮಕ್ಕಳಿಲ್ಲದ ಮನೆಯಲ್ಲಿ ಇದ್ದವನು ಅವನೊಬ್ಬನೇ, ಅವನಿಗೇ ಹೇಳುವಂತಿರಲಿಲ್ಲ.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ, ಒಂದು ಮುಂಜಾನೆ ಸಾಬಮ್ಮ ಎರಡು ಸೀರೆ ಗಂಟು ಕಟ್ಟಿಕೊಂಡು ಕಾಳಗಿ ಬಸ್ಸಿಗೆ ಕಾಯುತ್ತ ನಿಂತಳು. ಅಕ್ಕನ ಮನೆಗೆ ಹೋಗಿಬಿಡುವುದು, ತಿರುಗಿ ಬಾರದಿರುವುದು. ತಾನು ದೂರವಿದ್ದರೆ ಅವನಾದರೂ ಬದುಕಿಯಾನು. ಆಗ ದವಾಖಾನೆಯ ನರ್ಸ್ ನಜಮುನ್ನೀಸಾ ಅದೇ ದಾರಿಯಲ್ಲಿ ಬಂದಳು.

“ಸಾಬಮ್ಮಾ, ಗಂಟು ಕಟ್ಕೊಂಡು ಎಲ್ಲಿಗಿ ಹೊಂಟೀದಿ? ಗಲ್ಲ ಯಾಕ ಬಾತಾದ?”

“ಏನಿಲ್ರಿ ನರ್ಸಮ್ಮಾ.”

“ಏನಿಲ್ಲಂದ್ರ ಸೆರಗು ತಗಿ. ಬಾಯಿ ತೆರಿ, ನೋಡ್ತೀನಿ.”

ಮೂರು ವರ್ಷದಲ್ಲಿ ಯಾರೂ ಅವಳನ್ನು ಇಷ್ಟು ಕೇಳಿರಲಿಲ್ಲ. ಸಾಬಮ್ಮ ಅಳುತ್ತ ಎಲ್ಲವನ್ನೂ ಹೇಳಿದಳು. ನಜಮುನ್ನೀಸಾ ನಗಲಿಲ್ಲ. ಅವಳ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟು, “ಜೋರ್ಲೆ ಒತ್ತು” ಎಂದಳು. ಸಾಬಮ್ಮ ಒತ್ತಿದಳು. ನರ್ಸ್ ಫಕ್ಕನೆ ಕೈ ತೆಗೆದಳು. ಸಾಬಮ್ಮನ ಕೈ ಸರ್ರನೆ ಕೆಳಗಿಳಿಯಿತು.

“ನೋಡಿದಿ? ನಿನ್ನ ಕೈ ಬೆಳೀತೇನು? ತಡಿಯೋದು ಇಲ್ದಕ್ಕ ಇಳೀತು. ಮ್ಯಾಲಿನ ಹಲ್ಲಿಗಿ ಕೆಳಗಿನ ಹಲ್ಲೇ ಆಸರ. ಅದನ್ನ ಕಿತ್ತು ಜಾಗಾ ಖಾಲಿ ಬಿಟ್ರ ಮ್ಯಾಲಿಂದು ಮೆಲ್ಲಕ ಇಳೀತದ, ಬಾಜೂಕಿನ ಹಲ್ಲು ಖಾಲಿ ಜಾಗಾಕ ವಾಲ್ತದ. ಸಂದ್ಯಾಗ ಕೂಳು ಸಿಗಬೀಳ್ತದ, ಹುಳುಕ ಹಿಡೀತದ, ವಸಡು ಬಾತ್ಕೊಳ್ತದ. ನಿನ್ನ ಗಲ್ಲ ಬಾತದ್ದೂ ಅದಕ್ಕೇ.”

“ಮತ್ತ ನಮ್ಮ ಮಾಮಾನ ಕೈ ಮುರದದ್ದು?”

“ಬಾವಿ ಮೆಟ್ಲಿಗಿ ಪಾಚಿ ಕಟ್ಟಿತ್ತು. ಆ ವರ್ಷ ಅಲ್ಲಿ ನಾಕು ಮಂದಿ ಬಿದ್ದಾರ, ಪಟ್ಟಿ ಕಟ್ಟಿದಾಕಿ ನಾನೇ. ಅವರೆಲ್ಲಾರ ಹೆಂಡ್ರ ಹಲ್ಲೂ ಬೆಳದಿದ್ವೇನು?”

ಬಸ್ಸು ಬಂತು, ಹೋಯಿತು. ನಜಮುನ್ನೀಸಾ ಅವಳ ಗಂಟನ್ನು ತಾನೇ ಹಿಡಿದು ಮನೆಗೆ ಕರೆತಂದಳು. ಅಂಬರಾಯ ಎಲ್ಲ ಕೇಳಿ, ಗಂಟನ್ನು ಇಸಿದುಕೊಂಡು ಒಳಗಿಟ್ಟು ಬಂದ.

“ನಾ ಅಂದ್ರ ನಿನಗ ಬ್ಯಾಸರ ಆಗ್ಯಾದ ಅಂತ ತಿಳಕೊಂಡಿದ್ದೆ, ಸಾಬೀ. ಮೂರ ವರ್ಷ ನಾನೂ ಒಬ್ಬನೇ ಉಂಡೀನಿ.”

ಗುಲಬರ್ಗಾಕ್ಕೆ ನಾಲ್ಕು ಸಲ ಓಡಾಡಿದರು. ಹಲ್ಲಿನ ಡಾಕ್ಟರು ವಸಡಿಗೆ ಔಷಧಿ ಕೊಟ್ಟು, ಇಳಿದ ಹಲ್ಲನ್ನು ಸ್ವಲ್ಪ ತೇಯ್ದು, ಕೆಳಗಿನ ಜಾಗಕ್ಕೆ ಹಲ್ಲು ಕಟ್ಟಿದರು. ಮೊದಲೇ ಬಂದಿದ್ದರೆ ತೇಯುವ ಕೆಲಸವೇ ಇರುತ್ತಿರಲಿಲ್ಲ, ಪಕ್ಕದ ಹಲ್ಲೂ ವಾಲುತ್ತಿರಲಿಲ್ಲ ಎಂದರು. ಇನ್ನು ಕಳೆದ ಮೂರು ವರ್ಷವನ್ನು ಯಾವ ಡಾಕ್ಟರು ತಂದುಕೊಡಬಲ್ಲರು?

ಹಲ್ಲು ಕಟ್ಟಿಸಿಕೊಂಡು ಬಂದ ಸಂಜೆ ಸಾಬಮ್ಮ ಎರಡು ತಾಟುಗಳನ್ನೂ ಒಳಗೇ ಇಟ್ಟಳು. ಸೆರಗು ಹೆಗಲ ಮೇಲೇ ಇತ್ತು.

ಅಕ್ಕಂದಿರೇ, ಅಣ್ಣಂದಿರೇ, ದವಡೆ ಹಲ್ಲು ಕೀಳಿಸಿದ್ದೀರಾ? ಹೊರಗೆ ಕಾಣದ ಜಾಗವೆಂದು ಹಾಗೇ ಬಿಡಬೇಡಿ. ಗಾಯ ಮಾಯುತ್ತಲೇ ಹಲ್ಲಿನ ಡಾಕ್ಟರಿಗೆ ತೋರಿಸಿ, ಆ ಖಾಲಿ ಜಾಗಕ್ಕೆ ಏನು ಮಾಡಬೇಕೆಂದು ಕೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ತಾಟು ಹಿಡಿದು ಹಿತ್ತಲಿಗೆ ಹೋಗುತ್ತಿದ್ದರೆ, ಸಿಟ್ಟಿರಬೇಕೆಂದು ಸುಮ್ಮನಿರಬೇಡಿ. ಎದ್ದು ಹೋಗಿ ಪಕ್ಕದಲ್ಲಿ ಕೂತು ಕೇಳಿ: ಯಾಕೆ, ಹಲ್ಲು ನೋಯುತ್ತಿದೆಯೇ?